ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆಯ ಲೆಕ್ಕ



ಇವತ್ತಿನ ಮಾತು ನಿದ್ದೆಯ ಬಗ್ಗೆ. ಎಲ್ಲರ ನಿದ್ದೆಯ ಬಗ್ಗೆ ಅಲ್ಲ, ಮುಟ್ಟು ನಿಲ್ಲುವ ವಯಸ್ಸಿಗೆ ಬಂದ ಹೆಂಗಸರ ನಿದ್ದೆಯ ಬಗ್ಗೆ. ಗಂಡಸರು ರೇಡಿಯೋ ಆರಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ನಲವತ್ತೈದು ದಾಟಿದ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ರಾತ್ರಿ ಎರಡು ಗಂಟೆಗೆ ಎದ್ದು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಹೊಸ್ತಿಲ ಮೇಲೆ ಕೂಡುವವಳು ಆಕೆಯೇ. ನೀವು ಆ ಹೊತ್ತಿಗೆ ಗೊರಕೆಯಲ್ಲಿರುವುದರಿಂದ ನಿಮಗೆ ಗೊತ್ತಿರಲಿಕ್ಕಿಲ್ಲ, ಅಷ್ಟೇ.

ನಾನು ಡಾಕ್ಟರಲ್ಲ. ಹತ್ತನೆಯ ತರಗತಿ ಪಾಸಾಗಿ, ಬ್ಯಾಂಕಿನಲ್ಲಿ ಗುಮಾಸ್ತಳಾಗಿ ಸೇರಿ, ಗುಮಾಸ್ತಳಾಗಿಯೇ ನಿವೃತ್ತಳಾದವಳು. ಆದರೆ ಕೌಂಟರಿನ ಈ ಕಡೆ ಹೆಂಗಸು ಕುಳಿತಿದ್ದರೆ, ಆ ಕಡೆಯ ಹೆಂಗಸರು ಸ್ಲಿಪ್ಪಿನ ಜೊತೆಗೆ ಒಂದಿಷ್ಟು ಮನಸ್ಸನ್ನೂ ಮುಂದಿಡುತ್ತಾರೆ. ಮಹಿಳಾ ಸಂಘದ ಕಂತು ಕಟ್ಟಲು ಬಂದವರು, ನೇಕಾರರ ಮನೆಯವರು, ಕೂಲಿಗೆ ಹೋಗುವವರು, ಟೀಚರಮ್ಮನವರು, ಎಲ್ಲರ ಬಾಯಲ್ಲೂ ನಾನು ಕೇಳಿದ ಒಂದೇ ಮಾತು: "ಅಕ್ಕಾರೇ, ನಿದ್ದಿನೇ ಹತ್ತವಲ್ದು ನೋಡ್ರಿ." ತೆಲುಗಿನವರು "ನಿದ್ದರ ಪಟ್ಟಟ್ಲೇದು" ಎನ್ನುತ್ತಿದ್ದರು. ಭಾಷೆ ಎರಡು, ಕಣ್ಣ ಕೆಳಗಿನ ಕಪ್ಪು ಒಂದೇ. ಆ ವಯಸ್ಸು ನನಗೂ ಬಂತು. ಆಗಿನಿಂದ ಈ ವಿಷಯದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ತಿಳಿದ ಡಾಕ್ಟರರನ್ನು ಕೇಳಿದ್ದೇನೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹೆಸರು. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46ನೆಯ ವಯಸ್ಸಿನ ಆಸುಪಾಸಿನಲ್ಲಿ ಆಗುತ್ತದೆ. ಯುರೋಪು, ಅಮೆರಿಕದ ಹೆಂಗಸರಿಗೆ 51ರ ಹತ್ತಿರ. ಅಂದರೆ ನಮಗೆ ನಾಲ್ಕೈದು ವರ್ಷ ಮುಂಚೆ. ತೊಂದರೆಯೇನೋ ಮುಟ್ಟು ನಿಂತ ದಿನವೇ ಬರುವುದಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು, ತಿಂಗಳ ಲೆಕ್ಕ ತಪ್ಪಲು ಶುರುವಾದಾಗಲೇ ನಿದ್ದೆಯೂ ತಪ್ಪತೊಡಗುತ್ತದೆ. ಹಾಗಾಗಿ ನಲವತ್ತೆರಡು, ನಲವತ್ತಮೂರರ ಹೆಂಗಸು "ನನಗಿನ್ನೂ ಮುಟ್ಟು ಬರ್ತದಲ್ಲ, ಇದು ಅದಲ್ಲ" ಎಂದುಕೊಳ್ಳುತ್ತಾಳೆ. ಅದೇ ಆಗಿರಬಹುದು.

ನಿದ್ದೆ ಏಕೆ ಕೆಡುತ್ತದೆ? ಬ್ಯಾಂಕಿನಲ್ಲಿ ಒಂದು ಅಲಾರಂ ಗಂಟೆ ಇರುತ್ತದೆ. ಕಳ್ಳ ಬಂದರೆ ಹೊಡೆದುಕೊಳ್ಳಬೇಕು. ಅದರ ಸೂಕ್ಷ್ಮ ಹೆಚ್ಚಾಗಿಬಿಟ್ಟರೆ ಇಲಿ ಓಡಿದರೂ ಹೊಡೆದುಕೊಳ್ಳುತ್ತದೆ, ಊರೆಲ್ಲ ಎದ್ದು ಕೂಡುತ್ತದೆ. ನಮ್ಮ ಮಿದುಳಿನಲ್ಲೂ ಮೈಯ ಶಾಖವನ್ನು ಕಾಯುವ ಒಂದು ಜಾಗ ಇದೆ. ಶಾಖ ಒಂದಿಷ್ಟು ಏರಿದರೂ ಇಳಿದರೂ ಅದು ಸುಮ್ಮನಿರುತ್ತದೆ. ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವುದರಿಂದ ಆ ತಾಳ್ಮೆ ಕಿರಿದಾಗುತ್ತದೆ. ಶಾಖ ಕೂದಲೆಳೆಯಷ್ಟು ಏರಿದರೂ ಬೆಂಕಿ ಬಿದ್ದಂತೆ ಗಂಟೆ ಹೊಡೆಯುತ್ತದೆ. ಕೂಡಲೇ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಎದೆಯಿಂದ ಮುಖದವರೆಗೆ ಝಳ ಏರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಎರಡು ಮೂರು ನಿಮಿಷಕ್ಕೆ ಅದೇ ಬೆವರು ಆರಿ ಚಳಿ ಹತ್ತುತ್ತದೆ. ರಾತ್ರಿ ಹೀಗೆ ಮೂರು ಸಲವಾದರೆ ನಿದ್ದೆ ಎಲ್ಲಿಂದ ಬರಬೇಕು? ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿಗೆ ಸ್ವಲ್ಪ ಜೋಂಪು ತರುವ ಗುಣವಿದೆ. ಅದೂ ಇಳಿಯುತ್ತದೆ.

ಆದ್ದರಿಂದ ತಾಯಂದಿರೇ, ಇದು ಚಿಂತೆಯ ರೋಗವಲ್ಲ, ಗಾಳಿ ಸೋಕಿದ್ದಲ್ಲ, ನಿಮ್ಮ ಮನಸ್ಸು ದುರ್ಬಲವಾದದ್ದೂ ಅಲ್ಲ. ಮೈಯೊಳಗೆ ನಡೆಯುವ ಬದಲಾವಣೆ.

"ಸ್ವಲ್ಪ ದಿನ ತಡಕೋ, ತಾನೇ ಹೋಗ್ತದ" ಎಂದು ಅತ್ತೆಯಂದಿರು ಹೇಳುತ್ತಾರೆ. ಅವರು ಹಾಗೆಯೇ ತಡೆದುಕೊಂಡವರು, ಅವರನ್ನು ದೂರುವಂತಿಲ್ಲ. ನಮ್ಮ ಕಡೆ ಮುಟ್ಟು ನಿಂತರೆ ಹೆಂಗಸರಿಗೆ ಒಂದು ಸಂತೋಷವೂ ಇತ್ತು. ದೂರ ಕೂಡುವ ಕಾಟ ತಪ್ಪಿತು, ಹಪ್ಪಳ ಉಪ್ಪಿನಕಾಯಿ ಯಾವಾಗ ಬೇಕಾದರೂ ಮುಟ್ಟಬಹುದು, ಕುರುಮೂರ್ತಿ ಜಾತ್ರೆಗೆ ತಿಥಿ ಎಣಿಸದೆ ಹೋಗಬಹುದು. ಹಗಲಿಗೆ ಸಿಕ್ಕ ಆ ಸ್ವಾತಂತ್ರ್ಯದ ಬೆಲೆಯನ್ನು ರಾತ್ರಿ ಕಟ್ಟುತ್ತಿದ್ದರು, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ "ಸ್ವಲ್ಪ ದಿನ" ಎಂದರೆ ಎಷ್ಟು? ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ಅನೇಕ ವರ್ಷ ಹಿಂಬಾಲಿಸಿ ನೋಡಿದ ಸ್ವಾನ್ ಎಂಬ ಅಧ್ಯಯನ 2015ರಲ್ಲಿ ಒಂದು ಲೆಕ್ಕ ಕೊಟ್ಟಿತು. ಪದೇ ಪದೇ ಝಳ ಬರುವವರಲ್ಲಿ ಅದು ಉಳಿಯುವ ಅವಧಿ ನಡುಮಟ್ಟದಲ್ಲಿ 7.4 ವರ್ಷ. ಏಳೂವರೆ ವರ್ಷ ನಿದ್ದೆಗೆಟ್ಟು, ಬೆಳಿಗ್ಗೆ ಐದಕ್ಕೆ ರೊಟ್ಟಿ ತಟ್ಟಿ, ಹತ್ತಿ ಬಿಡಿಸಲು ಹೋಗು ಎನ್ನುವುದು ಸಲಹೆಯಲ್ಲ.

ಇಷ್ಟು ದಿನ ತಡೆಯಲಾಗದೆ ನಮ್ಮ ಹೆಂಗಸರು ಎರಡು ಅಡ್ಡದಾರಿ ಹಿಡಿಯುತ್ತಾರೆ. ಒಂದು ಆಪರೇಷನ್ನು, ಇನ್ನೊಂದು ಮತ್ತು. ಇವೆರಡರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಯ ಕಷ್ಟ ಇಲ್ಲೇ ಇದೆ.

ಮುಟ್ಟು ನಿಲ್ಲುವ ಮುಂಚೆ ಕೆಲವರಿಗೆ ರಕ್ತ ಹೆಚ್ಚು ಹೋಗುತ್ತದೆ, ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ. "ಮಕ್ಕಳಾದವಲ್ಲ, ಇನ್ನು ಆ ಚೀಲ ಇಟ್ಟುಕೊಂಡು ಏನು ಮಾಡ್ತಿ, ತೆಗೆಸಿಬಿಡು" ಎಂಬ ಮಾತು ಎಷ್ಟು ಸುಲಭವಾಗಿ ಹೊರಡುತ್ತದೆ! ತೆಲುಗಿನಲ್ಲಿ ಗರ್ಭಸಂಚಿ ಎನ್ನುತ್ತಾರೆ. ಹೆಸರಿನಲ್ಲೇ ಸಂಚಿ, ಚೀಲ ಎಂದಿರುವುದರಿಂದಲೋ ಏನೋ, ಬರಿದಾದ ಮೇಲೆ ಎಸೆಯುವ ವಸ್ತುವೆಂದೇ ಜನ ತಿಳಿದಿದ್ದಾರೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರನ್ನು ಕೇಳಿದಾಗ, ಇಡೀ ದೇಶದಲ್ಲಿ ನೂರಕ್ಕೆ 3.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ತೆಲಂಗಾಣದಲ್ಲಿ 7.7. ಆಂಧ್ರದಲ್ಲಿ 8.9. ದೇಶದ ಲೆಕ್ಕಕ್ಕಿಂತ ನಮ್ಮದು ಎರಡು ಪಟ್ಟಿಗೂ ಮೇಲೆ. ಇದು ನಲವತ್ತೊಂಬತ್ತರ ಒಳಗಿನವರ ಲೆಕ್ಕ ಎಂಬುದನ್ನು ಮರೆಯಬೇಡಿ. ಮೂವತ್ತೈದಕ್ಕೆ ತೆಗೆಸಿಕೊಂಡವರು ನಿಮ್ಮ ಓಣಿಯಲ್ಲೇ ಇದ್ದಾರೆ.

ನಿದ್ದೆಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಗರ್ಭಕೋಶದ ಅಕ್ಕಪಕ್ಕದಲ್ಲಿ ಎರಡು ಅಂಡಾಶಯಗಳಿವೆ. ಹಾರ್ಮೋನು ತಯಾರಾಗುವುದು ಅಲ್ಲಿ. ಆಪರೇಷನ್ನಿನಲ್ಲಿ ಅವನ್ನೂ ತೆಗೆದರೆ, ನಿಧಾನವಾಗಿ ಐದಾರು ವರ್ಷದಲ್ಲಿ ಆಗಬೇಕಾದ ಬದಲಾವಣೆ ಒಂದೇ ವಾರದಲ್ಲಿ ಆಗಿಬಿಡುತ್ತದೆ. ಮೂವತ್ತೈದರ ಹೆಂಗಸಿಗೆ ರಾತ್ರೋರಾತ್ರಿ ಐವತ್ತರ ಝಳ, ಬೆವರು, ನಿದ್ದೆಗೇಡು. ಎಲುಬು ಬೇಗ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚು. ಅಂಡಾಶಯ ಉಳಿಸಿದರೂ ಋತುಬಂಧ ಕೆಲವು ವರ್ಷ ಮುಂಚೆ ಬರಬಹುದು. ಕೌಂಟರಿನಲ್ಲಿ ನಾನು ಕಂಡ ಎಷ್ಟೋ ಜನ ಸಂಘದ ಸಾಲ ತೆಗೆದು ಈ ಆಪರೇಷನ್ ಮಾಡಿಸಿಕೊಂಡವರು. ಸಾಲದ ಕಂತು ಮುಗಿಯುವ ಮೊದಲೇ "ಮೈಯೆಲ್ಲ ಕಾದಂಗ ಆಗ್ತದರಿ, ರಾತ್ರಿ ಕೂತೇ ಇರ್ತೀನ್ರಿ" ಎಂದು ಶುರುವಾಗುತ್ತಿತ್ತು. ನಿಮ್ಮ ಅಂಡಾಶಯ ಉಳಿಸಿದ್ದಾರಾ ಎಂದರೆ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. ತಮ್ಮ ಹೊಲದ ಸರ್ವೆ ನಂಬರು ಬಾಯಿಪಾಠ, ತಮ್ಮ ಹೊಟ್ಟೆಯಿಂದ ಏನು ತೆಗೆದರೆಂಬುದು ಗೊತ್ತಿಲ್ಲ.

ಇದು ನಮ್ಮ ಕಡೆಯ ಕಥೆ ಮಾತ್ರವಲ್ಲ. ಗಡಿಯಾಚೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಹೆಂಗಸರ ಗರ್ಭಕೋಶ ಅನಾವಶ್ಯಕವಾಗಿ ತೆಗೆದ ವಿಷಯ 2015ರ ಹೊತ್ತಿಗೆ ದೊಡ್ಡ ಗದ್ದಲವಾಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳನ್ನು ಹಿಡಿದು ಡಾಕ್ಟರ್ ನರೇಂದ್ರ ಗುಪ್ತಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 2023ರ ಏಪ್ರಿಲ್ 5ರಂದು ತೀರ್ಪು ಬಂತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಕೋರ್ಟು ಹೇಳಿತು. ಕ್ಯಾನ್ಸರಿನಂಥ ಕಾಯಿಲೆಗೆ, ಬೇರೆ ಔಷಧಿಗೆ ಬಗ್ಗದ ರಕ್ತಸ್ರಾವಕ್ಕೆ ಈ ಆಪರೇಷನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೂಂ ಎನ್ನುವ ಮೊದಲು ಇನ್ನೊಬ್ಬ ಡಾಕ್ಟರರನ್ನು ಕೇಳಿ. ಔಷಧಿಯಲ್ಲಿ ಆಗುವುದಿಲ್ಲವೇ ಎಂದು ಕೇಳಿ. ಅಂಡಾಶಯ ತೆಗೆಯುತ್ತೀರಾ, ಉಳಿಸುತ್ತೀರಾ ಎಂದು ಕೇಳಿ. ಆದ ಮೇಲೆ ಡಿಸ್ಚಾರ್ಜ್ ಕಾಗದವನ್ನು ಪಾಸ್‌ಬುಕ್ಕಿನಷ್ಟೇ ಜೋಪಾನವಾಗಿ ಟ್ರಂಕಿನಲ್ಲಿಡಿ. ಈಗಾಗಲೇ ಮಾಡಿಸಿಕೊಂಡು, ನಲವತ್ತೈದರೊಳಗೆ ಎರಡೂ ಅಂಡಾಶಯ ಹೋಗಿದ್ದರೆ, ಆ ಕಾಗದ ಹಿಡಿದುಕೊಂಡು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವ ಪದ್ಧತಿ ಇದೆ. ಕೊಡಬಹುದೋ ಬೇಡವೋ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿ ಅವರೇ ಹೇಳುತ್ತಾರೆ.

ಎರಡನೆಯದು ಮತ್ತು. ಸಂಜೆ ಕೂಲಿ ಮುಗಿಸಿ ಬಂದು ಒಂದು ಸೀಸೆ ಸೇಂದಿ ಕುಡಿದರೆ ಮೈಕೈ ನೋವು ಹೋಗಿ ನಿದ್ದೆ ಬರುತ್ತದೆ ಎನ್ನುವ ಹೆಂಗಸರು ನಮ್ಮ ಕಡೆ ಬಹಳ. ಇದನ್ನು ಕೇಳಿ ಕರ್ನಾಟಕದ ನೆಂಟರು ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಈಚಲ ಮರದಿಂದ ಇಳಿಸಿದ ಕಳ್ಳು ಕುಡಿಯುವುದು ಇಲ್ಲಿಯ ಹಳೆಯ ವಾಡಿಕೆ. ಆದರೆ ಈಗ ಸೀಸೆಯಲ್ಲಿ ಸಿಗುವುದೆಲ್ಲ ಮರದಿಂದ ಇಳಿದದ್ದಲ್ಲ. ರಾಯಚೂರು ಕಡೆ ಸಿ.ಎಚ್. ಪೌಡರ್ ಎಂದರೆ ಮಕ್ಕಳಿಗೂ ಗೊತ್ತು. ಅದರ ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್. 1869ರಿಂದ ಯುರೋಪಿನ ಡಾಕ್ಟರರು ನಿದ್ದೆ ಬರಿಸಲು ಕೊಡುತ್ತಿದ್ದ ಔಷಧಿ ಅದು. ನಮ್ಮ ಕಡೆಯ ಕಲಬೆರಕೆ ಕಳ್ಳಿಗೆ ಅದನ್ನು ಹಾಕುತ್ತಾರೆ, ಡಯಾಜೆಪಾಮ್ ಹಾಕುತ್ತಾರೆ, ಆಲ್ಪ್ರಾಜೋಲಮ್ ಹಾಕುತ್ತಾರೆ. ಅಬಕಾರಿಯವರು ಈ ಪುಡಿ ಹಿಡಿದ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂದರೆ ತಾಯೇ, ನೀನು ಕುಡಿದದ್ದು ಕಳ್ಳಲ್ಲ. ಎಷ್ಟು ಗ್ರಾಂ ಎಂದು ಯಾರೂ ತೂಗದ ನಿದ್ದೆ ಮಾತ್ರೆಯ ನೀರು.

ಅದರಿಂದ ಬರುವುದು ನಿದ್ದೆಯೂ ಅಲ್ಲ. ಮಂಕು. ನಡುರಾತ್ರಿ ಅದರ ಅಮಲು ಇಳಿದಾಗ ಝಳ ಮೊದಲಿಗಿಂತ ಜೋರಾಗಿ ಏಳಿಸುತ್ತದೆ. ಇನ್ನೊಂದು ಎಚ್ಚರಿಕೆ ಹೇಳಬೇಕು. ದಿನವೂ ಕುಡಿಯುವವರು ಇವತ್ತು ನನ್ನ ಮಾತು ಕೇಳಿ ನಾಳೆಯೇ ಒಮ್ಮೆಲೆ ಬಿಡಬೇಡಿ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಕಳ್ಳಿನ ಮೇಲೆ ಕಟ್ಟುನಿಟ್ಟು ಬಂದಾಗ, ಅಭ್ಯಾಸವಾಗಿದ್ದವರು ಅದು ಸಿಗದೆ ಕೈಕಾಲು ನಡುಗಿ, ಫಿಟ್ಸ್ ಬಂದು, ಏನೇನೋ ಬಡಬಡಿಸುತ್ತಾ ಆಸ್ಪತ್ರೆ ಸೇರಿದರು. ಬಿಡಬೇಕು, ಆದರೆ ಡಾಕ್ಟರರಿಗೆ ಹೇಳಿ, ಅವರ ಕೈಕೆಳಗೆ ಬಿಡಬೇಕು.

ಕಳ್ಳು ಮುಟ್ಟದ ಮನೆಗಳವರು ನಗುವುದು ಬೇಡ. ಅವರ ಮನೆಯಲ್ಲಿ ಅದೇ ಆಲ್ಪ್ರಾಜೋಲಮ್ ಮಾತ್ರೆಯ ಪಟ್ಟಿ ದೇವರ ಗೂಡಿನ ಪಕ್ಕದಲ್ಲಿರುತ್ತದೆ. "ಅರ್ಧ ಗುಳಿಗೆ ಅಷ್ಟೇ" ಎನ್ನುತ್ತಾರೆ. ಅರ್ಧ ಒಂದಾಗುತ್ತದೆ, ಒಂದು ಎರಡಾಗುತ್ತದೆ. ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಅಂಗಡಿಯವರು ಕೊಂಡವರ ಹೆಸರು, ಬರೆದ ಡಾಕ್ಟರರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ಕಾನೂನಿದೆ. ವಯಸ್ಸಾದಂತೆ ಈ ಮಾತ್ರೆಯಿಂದ ರಾತ್ರಿ ಎದ್ದಾಗ ತಲೆ ತಿರುಗಿ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವುದು, ಮರೆವು, ಇವೆಲ್ಲ ಬರುತ್ತವೆ. ಕೆಲವು ದಿನದ ಕಷ್ಟಕ್ಕೆ ಡಾಕ್ಟರರು ಬರೆದುಕೊಟ್ಟರೆ ಸರಿ. ಏಳು ವರ್ಷದ ತೊಂದರೆಗೆ ಅದು ಮದ್ದಲ್ಲ. ವರ್ಷಗಟ್ಟಲೆ ನುಂಗಿದವರು ಇದನ್ನೂ ಒಮ್ಮೆಲೆ ನಿಲ್ಲಿಸಬಾರದು, ಡಾಕ್ಟರರನ್ನು ಕೇಳಿ ಹಂತ ಹಂತವಾಗಿ ಇಳಿಸಬೇಕು.

ಹಾಗಾದರೆ ಏನು ಮಾಡಬೇಕು? ಇಲ್ಲಿ ನನ್ನ ಬ್ಯಾಂಕಿನ ಬುದ್ಧಿ ಉಪಯೋಗಕ್ಕೆ ಬರುತ್ತದೆ. 2016ರಲ್ಲಿ ಅಮೆರಿಕದ ವೈದ್ಯರ ದೊಡ್ಡ ಸಂಘವೊಂದು, ಬಹುಕಾಲದ ನಿದ್ದೆಗೇಡಿಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಒಂದು ಬಗೆಯ ಅಭ್ಯಾಸದ ಚಿಕಿತ್ಸೆ ಎಂದು ಹೇಳಿತು. ಅದೇ ವರ್ಷ ಅಲ್ಲಿಯ ವಾಷಿಂಗ್ಟನ್ ರಾಜ್ಯದಲ್ಲಿ ಝಳದಿಂದ ನಿದ್ದೆಗೆಟ್ಟ 40ರಿಂದ 65 ವಯಸ್ಸಿನ 106 ಹೆಂಗಸರ ಮೇಲೆ ಮಾಡಿದ ಪ್ರಯೋಗದ ಫಲ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ಎಂಟು ವಾರದಲ್ಲಿ ಆರು ಸಲ ಫೋನಿನಲ್ಲೇ ಈ ಅಭ್ಯಾಸ ಹೇಳಿಕೊಟ್ಟರು. ಝಳ ಬರುವ ಸಲ ಕಡಿಮೆಯಾಗಲಿಲ್ಲ. ಆದರೂ ನಿದ್ದೆ ಚೆನ್ನಾಗಿ ಸುಧಾರಿಸಿತು, ಝಳದ ಕಾಟವೂ ಮೊದಲಿನಷ್ಟು ಅನಿಸಲಿಲ್ಲ. ಫೋನಿನಲ್ಲಿ ಕಲಿಸಬಹುದಾದದ್ದನ್ನು ರೇಡಿಯೋದಲ್ಲಿ ಒಂದಿಷ್ಟಾದರೂ ಹೇಳಬಹುದಲ್ಲ?

ಒಂದು ನೋಟುಪುಸ್ತಕ ತೆಗೆದುಕೊಳ್ಳಿ, ರೋಜು ಖಾತೆಯಂತೆ. ಹದಿನಾಲ್ಕು ದಿನ ಬರೆಯಿರಿ. ಎಷ್ಟಕ್ಕೆ ಮಲಗಿದಿರಿ, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದಿರಿ, ಹಗಲು ಮಲಗಿದ್ದು ಎಷ್ಟು, ಕೊನೆಯ ಚಹಾ ಯಾವಾಗ. ರಾತ್ರಿ ಗಡಿಯಾರ ನೋಡಿ ಬರೆಯಬೇಡಿ, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆದರೆ ಸಾಕು. ಇಲ್ಲಿ ಪೈಸೆಯ ಲೆಕ್ಕ ಬೇಡ.

ಆಮೇಲೆ ಟೋಟಲ್ ಹಾಕಿ. ರಾತ್ರಿ 9ಕ್ಕೆ ಮಲಗಿ 5ಕ್ಕೆ ಏಳುತ್ತೀರಿ ಎನ್ನೋಣ. ಹಾಸಿಗೆಯಲ್ಲಿ 8 ಗಂಟೆ. ಬಂದ ನಿದ್ದೆ 5 ಗಂಟೆ. ನೂರಕ್ಕೆ 62ರಷ್ಟು ವಸೂಲಿ! ಇಂಥ ವಸೂಲಿ ತೋರಿಸಿದರೆ ನಮ್ಮ ಮ್ಯಾನೇಜರರು ಸುಮ್ಮನಿರುತ್ತಿದ್ದರೇ? ನಿದ್ದೆ ಬರಲಿಲ್ಲವೆಂದು ಇನ್ನೂ ಬೇಗ ಮಲಗುವುದು ವಸೂಲಾಗದ ಕಡೆ ಇನ್ನಷ್ಟು ಸಾಲ ಕೊಟ್ಟಂತೆ. ಮಾಡಬೇಕಾದದ್ದು ಅದರ ಉಲ್ಟಾ. ಬರುವ ನಿದ್ದೆಗೆ ಅರ್ಧ ಗಂಟೆ ಸೇರಿಸಿ, ಅಷ್ಟೇ ಹೊತ್ತು ಹಾಸಿಗೆ. ಅಂದರೆ ಐದೂವರೆ ಗಂಟೆ. ಏಳುವುದು 5ಕ್ಕೇ, ಅದು ಬದಲಾಗಕೂಡದು, ಹಬ್ಬವಿರಲಿ, ಅಮಾವಾಸ್ಯೆಯಿರಲಿ. ಮಲಗುವುದು ಹನ್ನೊಂದೂವರೆಗೆ. ಅಲ್ಲಿಯವರೆಗೆ ಕೌದಿ ಹೊಲಿಯಿರಿ, ಬತ್ತಿ ಹೊಸೆಯಿರಿ, ಶೇಂಗಾ ಸುಲಿಯಿರಿ, ನೇಕಾರರ ಮನೆಯಾದರೆ ಕಂಡಿಕೆ ಸುತ್ತಿ. ಮೊದಲ ವಾರ ಕಷ್ಟ, ಸುಳ್ಳು ಹೇಳುವುದಿಲ್ಲ, ಹಗಲು ತೂಕಡಿಕೆ ಬರುತ್ತದೆ. ಆದರೆ ನಿದ್ದೆಯ ಹಸಿವು ಕೂಡಿ ಕೂಡಿ, ರಾತ್ರಿ ತಲೆ ಇಟ್ಟ ಕೂಡಲೇ ಹತ್ತತೊಡಗುತ್ತದೆ. ಒಂದು ವಾರದಲ್ಲಿ ಹಾಸಿಗೆಯ 330 ನಿಮಿಷಕ್ಕೆ 280 ನಿಮಿಷದಷ್ಟು ನಿದ್ದೆ ಬಂದರೆ ನೂರಕ್ಕೆ 85 ವಸೂಲಾದಂತೆ. ಆಗ ಕಾಲು ಗಂಟೆ ಬೇಗ ಮಲಗಿ. ಹೀಗೆ ವಾರ ವಾರಕ್ಕೆ ಕಾಲು ಕಾಲು ಗಂಟೆ ಹೆಚ್ಚಿಸುತ್ತಾ ಹೋಗಿ. ಐದು ಗಂಟೆಗಿಂತ ಕಡಿಮೆ ಮಾತ್ರ ಮಾಡಬೇಡಿ. ಫಿಟ್ಸ್ ಇರುವವರು, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗಾಡಿ ಓಡಿಸುವವರು, ಮಿಷನ್ ಮುಂದೆ ಕೆಲಸ ಮಾಡುವವರು ಇದನ್ನು ಡಾಕ್ಟರರನ್ನು ಕೇಳದೆ ಮಾಡಕೂಡದು.

ನಡುರಾತ್ರಿ ಎಚ್ಚರವಾದರೆ? ಇಪ್ಪತ್ತು ನಿಮಿಷವಾಯಿತು ಎನಿಸಿದರೆ ಎದ್ದುಬಿಡಿ. ಹೊರಳಾಡಬೇಡಿ. ಹೊರಳಾಡಿ ಹೊರಳಾಡಿ ಹಾಸಿಗೆ ಎಂದರೇನೇ ಎಚ್ಚರ ಎಂದು ಮೈ ಕಲಿತುಬಿಡುತ್ತದೆ. ಎದ್ದು ಮಂದ ಬೆಳಕಿನಲ್ಲಿ ಕೂತು ಅಕ್ಕಿ ಆರಿಸಿ, ಜಪ ಮಾಡುವವರು ಜಪ ಮಾಡಿ. ರೆಪ್ಪೆ ಭಾರವಾದಾಗ ಬಂದು ಮಲಗಿ. ಮೊಬೈಲು ಮಾತ್ರ ಬೇಡ. ಪಾಲಮೂರಿನ ಕೂಲಿ ಎಂದು ದೇಶವೆಲ್ಲ ಹೆಸರು ಮಾಡಿದ ಸೀಮೆ ನಮ್ಮದು. ಮಗ ಬೆಂಗಳೂರಿನ ಕಟ್ಟಡದ ಮೇಲೆ, ಸೊಸೆ ಪುಣೆಯಲ್ಲಿ, ಮೊಮ್ಮಕ್ಕಳು ನಮ್ಮ ಮಗ್ಗುಲಲ್ಲಿ. ನಡುರಾತ್ರಿ ಎಚ್ಚರವಾದಾಗ ಅವರ ಚಿಂತೆ ಬರದೆ ಇರುತ್ತದೆಯೇ? ಚಿಂತೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು. ಆದರೆ ಚಿಂತೆಗೂ ಒಂದು ಕೌಂಟರ್ ವೇಳೆ ಇಡಬಹುದು. ಸಂಜೆ ಏಳಕ್ಕೆ ಹದಿನೈದು ನಿಮಿಷ ಕೂತು ಏನೇನು ಕೊರೆಯುತ್ತಿದೆಯೋ ಅದನ್ನೆಲ್ಲ ಬರೆಯಿರಿ, ಇಲ್ಲವೇ ಗಂಡನಿಗೆ ಹೇಳಿ. ನಾಳೆ ಏನು ಮಾಡಬೇಕೋ ನಿಶ್ಚಯಿಸಿ, ಮಗನಿಗೆ ಫೋನು ಆಗಲೇ ಮಾಡಿ ಮುಗಿಸಿ. ರಾತ್ರಿ ಬಂದ ಚಿಂತೆಗೆ "ವೇಳೆ ಮುಗಿದಿದೆ, ನಾಳೆ ಬಾ" ಎಂದು ಹೇಳಲು ಸ್ವಲ್ಪ ದಿನದಲ್ಲೇ ಅಭ್ಯಾಸವಾಗುತ್ತದೆ.

ಇನ್ನು ಸೆಕೆ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಹಗಲೆಲ್ಲ ಕಾದ ಕಲ್ಲು ಚಪ್ಪಡಿ ರಾತ್ರಿ ಉಗುಳುವ ಶಾಖವೇ ಸಾಕು, ಅದರ ಮೇಲೆ ಮೈಯ ಝಳ ಬೇರೆ. ಕಿಟಕಿಯ ಪಕ್ಕದ ಜಾಗ, ಫ್ಯಾನಿನ ಕೆಳಗಿನ ಜಾಗ ಯಜಮಾನನದು ಎಂಬ ಕಟ್ಟಳೆಯನ್ನು ಕೆಲವು ವರ್ಷ ಬದಿಗಿಡಿ, ಅದನ್ನು ಆಕೆಗೆ ಕೊಡಿ. ಮಾಳಿಗೆ ಮೇಲೆ ಮಲಗುವ ಅನುಕೂಲವಿದ್ದರೆ ಬಹಳ ಒಳ್ಳೆಯದು. ನೈಲಾನ್ ಪಾಲಿಯೆಸ್ಟರ್ ನೈಟಿ ಬೇಡ. ಹತ್ತಿ ಸೀರೆ ನೇಯುವ ಊರಿನಲ್ಲಿದ್ದುಕೊಂಡು ರಾತ್ರಿ ಪ್ಲಾಸ್ಟಿಕ್ಕಿನಂಥ ಬಟ್ಟೆ ಉಡುವುದು ಎಂಥ ವಿಚಿತ್ರ! ಹಳೆಯ ನಾರಾಯಣಪೇಟೆ ಹತ್ತಿ ಸೀರೆ ಒಗೆದು ಒಗೆದು ಹೂವಿನಂತಾಗಿರುತ್ತದೆ, ಅದನ್ನುಟ್ಟು ಮಲಗಿ. ಒಂದು ದಪ್ಪ ಕೌದಿಯ ಬದಲು ಎರಡು ತೆಳು ಹೊದಿಕೆ ಇಟ್ಟುಕೊಂಡರೆ ಝಳ ಬಂದಾಗ ಒಂದನ್ನು ಸರಿಸಬಹುದು. ತಲೆಯ ಹತ್ತಿರ ಒಂದು ತಂಬಿಗೆ ನೀರು, ಒಂದು ಒದ್ದೆ ಕರವಸ್ತ್ರ. ಮಧ್ಯಾಹ್ನ ಮೂರರ ಮೇಲೆ ಚಹಾ ಬಿಡಿ, ಅದರ ಅಂಶ ಮೈಯಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಊಟವಾದ ಮೇಲೆ ಎಲೆಯ ಜೊತೆ ತಂಬಾಕು ಹಾಕುವ ಚಟ ನಿದ್ದೆಗೆ ಶತ್ರು. ಖಾರದ ಊಟ ಸಂಜೆಯೇ ಮುಗಿಸಿ.

ಎಲ್ಲ ನಿದ್ದೆಗೇಡಿಗೂ ಮುಟ್ಟೇ ಕಾರಣ ಎಂದುಕೊಳ್ಳಬೇಡಿ. ರಕ್ತ ಕಡಿಮೆಯಿದ್ದರೆ, ಕಬ್ಬಿಣದ ಅಂಶ ಇಳಿದಿದ್ದರೆ ರಾತ್ರಿ ಕಾಲು ಸೆಳೆದು ಆಡಿಸುತ್ತಲೇ ಇರಬೇಕೆನಿಸುತ್ತದೆ. 2019-21ರ ಸಮೀಕ್ಷೆಯಲ್ಲಿ ತೆಲಂಗಾಣದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆ ಡವಡವ ಬರುತ್ತದೆ. ಸಕ್ಕರೆ ಕಾಯಿಲೆಯಾದರೆ ರಾತ್ರಿ ಮೂತ್ರಕ್ಕೆ ಏಳಿಸುತ್ತದೆ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು ಗಂಡಸರ ರೋಗ ಮಾತ್ರವಲ್ಲ, ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚಾಗುತ್ತದೆ. ಯಾವುದರಲ್ಲೂ ಮನಸ್ಸಿಲ್ಲ, ಬದುಕು ಸಾಕೆನಿಸುತ್ತದೆ ಎಂದಾದರೆ ಒಂದು ದಿನವೂ ತಡಮಾಡದೆ ಹೇಳಿಕೊಳ್ಳಿ. ಒಂದು ವರ್ಷ ಮುಟ್ಟು ನಿಂತು ಮತ್ತೆ ರಕ್ತ ಕಂಡರೆ, ಒಂದು ತೊಟ್ಟಾದರೂ ಸರಿ, "ಮತ್ತೆ ಶುರುವಾಯ್ತು" ಎಂದು ಸುಮ್ಮನಿರಬೇಡಿ, ಕೂಡಲೇ ತೋರಿಸಿ. ಅದು ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು.

ಹಾರ್ಮೋನ್ ಮಾತ್ರೆಯ ಬಗ್ಗೆ ಹೆದರಿಕೆ ಬಹಳ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಅದರಿಂದ ಸ್ತನ ಕ್ಯಾನ್ಸರ್, ಹೃದಯದ ತೊಂದರೆ ಹೆಚ್ಚೆಂದು ಹೇಳಿದ ಮೇಲೆ ಡಾಕ್ಟರರೇ ಅದನ್ನು ಬರೆಯಲು ಹಿಂಜರಿದರು. ಆ ಅಧ್ಯಯನದ ಹೆಂಗಸರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದರೆ, ತೀವ್ರ ಝಳ ಇರುವ ಬಹುಪಾಲು ಹೆಂಗಸರಿಗೆ ನಷ್ಟಕ್ಕಿಂತ ಲಾಭ ಹೆಚ್ಚೆಂದು ಈಗ ತಜ್ಞರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ, ಪಾರ್ಶ್ವವಾಯು ಆದವರಿಗೆ ಅದು ಸಲ್ಲದು, ಅವರಿಗೆ ಬೇರೆ ಔಷಧಿಗಳಿವೆ. ನೆರೆಮನೆಯವಳ ಮಾತ್ರೆ ಮಾತ್ರ ನುಂಗಬೇಡಿ.

ಎಲ್ಲಿಗೆ ಹೋಗಬೇಕು? 2023ರ ಮಾರ್ಚ್ 8ರಂದು ತೆಲಂಗಾಣ ಸರ್ಕಾರ 'ಆರೋಗ್ಯ ಮಹಿಳಾ' ಎಂಬ ಯೋಜನೆ ಆರಂಭಿಸಿದಾಗ, ಮಂಗಳವಾರ ಹೆಂಗಸರಿಗೆಂದೇ ನಡೆಯುವ ತಪಾಸಣೆಯಲ್ಲಿ ಋತುಬಂಧದ ತೊಂದರೆಯನ್ನೂ ಸೇರಿಸಿತ್ತು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನು ಸಿಗುತ್ತದೆ, ಯಾವ ವಾರ ಡಾಕ್ಟರಮ್ಮ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮನಸ್ಸಿನ ಕಷ್ಟಕ್ಕೆ, ನಿದ್ದೆಯ ಕಷ್ಟಕ್ಕೆ 14416 ಎಂಬ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡುತ್ತಾರೆ, ತೆಲುಗಿನಲ್ಲೂ ಮಾತಾಡುತ್ತಾರೆ. ನಿಮಗೆ ಅಳು ಯಾವ ಭಾಷೆಯಲ್ಲಿ ಬರುತ್ತದೋ ಅದನ್ನೇ ಆರಿಸಿಕೊಳ್ಳಿ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತೆಲುಗು. ಸಂತೆಯ ತೆಲುಗು ನಮಗೆಲ್ಲ ಬರುತ್ತದೆ, ಆದರೆ ಇಂಥ ಮಾತು ಬಂದಾಗ ನಾಲಿಗೆ ತಡೆಯುತ್ತದೆ. "ಆರೋಗ್ಯ ಸರಿಯಿಲ್ಲ" ಎಂದಷ್ಟೇ ಹೇಳಿ, ಶಕ್ತಿಯ ಟಾನಿಕ್ ಬರೆಸಿಕೊಂಡು ಬಂದುಬಿಡುತ್ತೇವೆ. ಮೈಯಲ್ಲಿ ಝಳ ಏರುವುದಕ್ಕೆ 'ವೇಡಿ ಆವಿರ್ಲು' ಎನ್ನಿ. ಬೆವರಿಗೆ 'ಚೆಮಟಲು'. ಮುಟ್ಟು ನಿಂತಿದೆ ಎನ್ನಲು 'ನೆಲಸರಿ ಆಗಿಪೋಯಿಂದಿ', ಎಷ್ಟು ತಿಂಗಳಾಯಿತೆಂದೂ ಹೇಳಿ. ಕೃಷ್ಣಾ ಸೇತುವೆ ದಾಟಿ ರಾಯಚೂರಿಗೆ ಹೋಗುವವರಿಗೆ ಈ ತೊಡಕಿಲ್ಲ, ಕನ್ನಡದಲ್ಲೇ ಹೇಳಬಹುದು. ಎಲ್ಲಿಗೇ ಹೋಗಿ, ಆ ಹದಿನಾಲ್ಕು ದಿನದ ನೋಟುಪುಸ್ತಕ, ಇದ್ದರೆ ಆಪರೇಷನ್ನಿನ ಕಾಗದ, ನುಂಗುತ್ತಿರುವ ಮಾತ್ರೆಯ ಪಟ್ಟಿ, ಈ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಸೇಂದಿಯ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ಬೆಳಿಗ್ಗೆ ಚಹಾ ಹೊತ್ತಿಗೆ ಬರೆಸಿ. ಅಕ್ಷರ ಕನ್ನಡದ್ದಾದರೂ ಚಿಂತೆಯಿಲ್ಲ, ಅಂಕಿ ಯಾವ ಡಾಕ್ಟರಿಗೂ ಓದಲು ಬರುತ್ತದೆ.